ಒಣಗಿದ ಹಲಗೆಯ ಮೇಲೆ ನಿಂತ ಅಂಗಡಿ: ಕಲಬುರಗಿಯಲ್ಲಿ ನಮ್ಮ ಮನೆತನದ ಮೂರು ತಲೆಮಾರಿನ ಬಡಿಗತನ

ನಮ್ಮ ಅಂಗಡಿಯ ಚರಿತ್ರೆ ಹೇಳಿ ಎಂದು ಯಾರಾದರೂ ಕೇಳಿದರೆ ನಾನು ಅವರನ್ನು ಮೊದಲು ಹಿತ್ತಲಿನ ಪತ್ರಾಸಿನ ಶೆಡ್ಡಿಗೆ ಕರೆದೊಯ್ಯುತ್ತೇನೆ. ಅಲ್ಲಿ ನೆಲದಿಂದ ಮೊಣಕಾಲೆತ್ತರದಲ್ಲಿ ಶಹಾಬಾದಿ ಕಲ್ಲಿನ ಮೇಲೆ ಸಾಗವಾನಿ ಹಲಗೆಗಳ ಅಟ್ಟಿಗಳಿವೆ. ಎರಡು ಹಲಗೆಗಳ ನಡುವೆ ಗಾಳಿಯಾಡಲೆಂದು ಒಂದೇ ದಪ್ಪದ ಪಟ್ಟಿಗಳನ್ನು ಇಟ್ಟಿದ್ದೇವೆ, ಹಲಗೆಯ ಎರಡೂ ತುದಿಗಳಿಗೆ ಬಣ್ಣ ಬಳಿದಿದ್ದೇವೆ, ಅಟ್ಟಿಯ ಬದಿಗೆ ಅದು ಬಂದ ತಿಂಗಳನ್ನೂ ಬಂದ ಊರನ್ನೂ ಬರೆದಿದ್ದೇವೆ. ಮುಂದಿನ ಅಂಗಡಿಯಲ್ಲಿ ಕಾಣುವ ಮಂಚ, ಕಪಾಟು, ದಿವಾನಗಳಿಗಿಂತ ಹೆಚ್ಚಿನ ರೊಕ್ಕ ಈ ಶೆಡ್ಡಿನಲ್ಲಿ ಕೂತಿರುತ್ತದೆ. ಬ್ಯಾಂಕಿನವರಿಗೆ ಇದು ಸತ್ತ ಬಂಡವಾಳವಾಗಿ ಕಾಣಬಹುದು. ಆದರೆ ಮೂರು ತಲೆಮಾರು ನಮ್ಮ ಅಂಗಡಿ ಉಳಿದಿರುವುದು ಒಣಗಿದ ಕಟ್ಟಿಗೆಯ ಈ ದಾಸ್ತಾನಿನಿಂದಲೇ ಎಂದು ನಾನು ಖಂಡಿತವಾಗಿ ನಂಬಿದ್ದೇನೆ.

ನನ್ನ ಮುತ್ಯಾ, ಅಂದರೆ ಅಜ್ಜ, ಜೇವರ್ಗಿ ತಾಲ್ಲೂಕಿನಲ್ಲಿ ಭೀಮಾ ನದಿಯ ಸಮೀಪದ ಒಂದು ಹಳ್ಳಿಯ ಬಡಿಗರಾಗಿದ್ದರು. ನಿಜಾಮರ ಆಳ್ವಿಕೆ ಮುಗಿದು 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದಾಗಲೂ, 1956ರಲ್ಲಿ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಾಗಲೂ ಅವರ ಕೆಲಸದ ರೀತಿ ಬದಲಾಗಿರಲಿಲ್ಲ. ಆಯಗಾರರಾದ ಅವರು ವರ್ಷವಿಡೀ ರೈತರ ಕೂರಿಗೆ, ಕುಂಟೆ, ನೇಗಿಲು, ಬಂಡಿಗಳನ್ನು ಮಾಡಿಕೊಡುವುದು, ರಿಪೇರಿ ಮಾಡುವುದು. ರಾಶಿಯ ಕಾಲಕ್ಕೆ ಕಣಕ್ಕೆ ಹೋಗಿ ತಮ್ಮ ಪಾಲಿನ ಜೋಳ ತರುವುದು. ಎರೆ ಭೂಮಿಯ ಅಂಚಿನಲ್ಲಿ ಬೆಳೆಯುವ ಕರಿಜಾಲಿಯೇ ಅವರ ಮುಖ್ಯ ಕಟ್ಟಿಗೆ, ಬಾಗಿಲು ಚೌಕಟ್ಟುಗಳಿಗೆ ಬೇವು. ಜಾಲಿಯ ದಿಮ್ಮಿಯನ್ನು ಕಡಿದ ಕೂಡಲೇ ಬಳಸಿದರೆ ಅದಕ್ಕೆ ಹುಳ ಬೀಳುತ್ತದೆ. ಆದ್ದರಿಂದ ದಿಮ್ಮಿಗಳನ್ನು ಹಳ್ಳದ ಮಡುವಿನಲ್ಲಿ ಕೆಲವು ತಿಂಗಳು ಮುಳುಗಿಸಿಟ್ಟು, ಹುಳಕ್ಕೆ ಆಹಾರವಾಗುವ ರಸವೆಲ್ಲ ನೀರಿಗೆ ಇಳಿದ ಮೇಲೆ ಹೊರತೆಗೆದು, ನೆರಳಿನಲ್ಲಿ ಒಣಗಿಸಿ, ಆಮೇಲೆ ಬಾಚಿ ಮುಟ್ಟಿಸುತ್ತಿದ್ದರು. ಮುಂದಿನ ವರ್ಷದ ಕೂರಿಗೆಗೆ ಬೇಕಾದ ಕಟ್ಟಿಗೆಯನ್ನು ಈ ವರ್ಷವೇ ನೀರಿಗೆ ಹಾಕಬೇಕು ಎಂಬ ಲೆಕ್ಕ ನಮ್ಮ ಮನೆಗೆ ಬಂದದ್ದು ಅಲ್ಲಿಂದ.

1972ರ ಬರದಲ್ಲಿ ಕಣಗಳೇ ಆಗಲಿಲ್ಲ, ಆಯವೂ ಬರಲಿಲ್ಲ. ಮುತ್ಯಾ ಹತಾರದ ಪೆಟ್ಟಿಗೆಯೊಂದಿಗೆ ಗುಲ್ಬರ್ಗಾಕ್ಕೆ ಬಂದು ಒಂದು ಕಟ್ಟಿಗೆ ಅಡ್ಡೆಯಲ್ಲಿ ದಿನಗೂಲಿಗೆ ನಿಂತರು. ಕೆಲವು ವರ್ಷಗಳ ಬಳಿಕ ಶಹಾಬಜಾರದ ಕಡೆ ಒಂದು ಸಣ್ಣ ಖೋಲಿ ಹಿಡಿದು ತೊಟ್ಟಿಲು, ಮಣೆ, ಲಟ್ಟಣಿಗೆ, ದೇವರ ಮಂಟಪಗಳನ್ನು ಮಾಡತೊಡಗಿದರು. ಹೋಳಿ ಹುಣ್ಣಿಮೆಯ ನಂತರ ನಡೆಯುವ ಶರಣಬಸವೇಶ್ವರ ಜಾತ್ರೆಯಲ್ಲಿ ಅವನ್ನು ಮಾರುತ್ತಿದ್ದರು. ಅಂಗಡಿಯ ಮೂಲ ಅದೇ.

ಅಂಗಡಿಗೆ ಅಂಗಡಿಯ ರೂಪ ಕೊಟ್ಟವರು ನನ್ನ ಅಪ್ಪ. ಅವರ ಕಾಲಕ್ಕೆ ಊರು ಬೆಳೆಯುತ್ತಿತ್ತು. 1980ರಲ್ಲಿ ಗುಲ್ಬರ್ಗಾ ವಿಶ್ವವಿದ್ಯಾಲಯ ಆರಂಭವಾಯಿತು, ಹೊಸ ಬಡಾವಣೆಗಳೆದ್ದವು, ನೌಕರದಾರರು ಮಂಚ ಮೇಜುಗಳನ್ನು ಕೇಳಿಕೊಂಡು ಬರತೊಡಗಿದರು. ಅವರಿಗೆ ಜಾಲಿ ಬೇಡ, ಸಾಗವಾನಿ ಬೇಕು. ಅಪ್ಪ ದಾಂಡೇಲಿಯ ಡಿಪೋದ ಮಾಲನ್ನೂ ಬಲ್ಲಾರಶಾದ ಮಾಲನ್ನೂ ಅಡ್ಡೆಯವರ ಮೂಲಕ ತರಿಸಿ, ಗೀರು (ಕಟ್ಟಿಗೆಯ ಎಳೆಗಳ ಗೆರೆ) ನೋಡಿ, ತೂಕ ನೋಡಿ, ಕೊನೆಗೆ ಬಲ್ಲಾರಶಾವನ್ನು ಹೆಚ್ಚಾಗಿ ನೆಚ್ಚಿದರು. ಚಂದ್ರಪುರದ ಕಾಡುಗಳಿಂದ ಬರುವ ಆ ಸಾಗವಾನಿಯ ಗೀರು ಕಣ್ಣಿಗೆ ಹಿತ, ಮೈ ಎಣ್ಣೆಯ ಮೈ. ಸಾಗವಾನಿಯ ಕೆಚ್ಚಿನಲ್ಲಿ, ಅಂದರೆ ದಿಮ್ಮಿಯ ಒಳಗಿನ ಗಟ್ಟಿ ಭಾಗದಲ್ಲಿ, ಸಹಜವಾಗಿಯೇ ಇರುವ ಎಣ್ಣೆಯಂಥ ಪದಾರ್ಥಗಳಿಂದಾಗಿ ಅದಕ್ಕೆ ಗೆದ್ದಲು ಸುಲಭವಾಗಿ ಹತ್ತುವುದಿಲ್ಲ. ಆದರೆ ಈ ಗುಣ ಕೆಚ್ಚಿಗೆ ಮಾತ್ರ. ಹೊರಸುತ್ತಿನ ಬಿಳಿ ಭಾಗಕ್ಕೆ ಆ ರಕ್ಷಣೆ ಇಲ್ಲ. ಪೇಟೆಯಲ್ಲಿ ಬಿಳಿ ಭಾಗಕ್ಕೆ ಬಣ್ಣ ಹಚ್ಚಿ ಕೆಚ್ಚಿನೊಂದಿಗೆ ಸೇರಿಸಿಬಿಡುವುದುಂಟು. ಕೊಳ್ಳುವವರು ಮಂಚದ ಮೇಲ್ಭಾಗವನ್ನು ಸವರಿ ನೋಡುತ್ತಾರೆ. ನೋಡಬೇಕಾದದ್ದು ಅಡಿಭಾಗ, ಡ್ರಾವರಿನ ಒಳಬದಿ, ಕಪಾಟಿನ ಹಿಂಬದಿ.

ಕಟ್ಟಿಗೆ ಒಳ್ಳೆಯದಾದರೂ ಅದು ಕಲಬುರಗಿಯ ಹವೆಯನ್ನು ತಾಳಬೇಕು. ಇಲ್ಲಿ ಮೇ ತಿಂಗಳಿನಲ್ಲಿ ಬಿಸಿಲು 43, 44 ಡಿಗ್ರಿ ಮುಟ್ಟುತ್ತದೆ, ಮಧ್ಯಾಹ್ನದ ಗಾಳಿಯಲ್ಲಿ ತೇವವೇ ಇರುವುದಿಲ್ಲ. ಆಗಸ್ಟ್ ಹೊತ್ತಿಗೆ ಅದೇ ಗಾಳಿ ಹಸಿಯಾಗಿರುತ್ತದೆ. ತೆರೆದಿಟ್ಟ ಹಲಗೆ ಈ ಎರಡು ಋತುಗಳಿಗೆ ಪೂರ್ತಿ ಹೊಂದಿಕೊಂಡರೆ ಅದರೊಳಗಿನ ತೇವ ಬೇಸಿಗೆಯಲ್ಲಿ ಶೇಕಡಾ 5ರ ಸುಮಾರಿಗೆ ಇಳಿಯುತ್ತದೆ, ಮಳೆಗಾಲದಲ್ಲಿ 13ರ ಸುಮಾರಿಗೆ ಏರುತ್ತದೆ. ತೇವ ಶೇಕಡಾ 1ರಷ್ಟು ಹೆಚ್ಚು ಕಡಿಮೆಯಾದರೆ ಸಾಗವಾನಿ ಹಲಗೆಯ ಅಗಲದಲ್ಲಿ ಶೇಕಡಾ 0.2ರಷ್ಟು ವ್ಯತ್ಯಾಸವಾಗುತ್ತದೆ. ಈ ಲೆಕ್ಕದಲ್ಲಿ 18 ಇಂಚು ಅಗಲದ ಹಲಗೆ ವರ್ಷದೊಳಗೆ ಕಾಲು ಇಂಚಿನಷ್ಟು, ಅಂದರೆ ನಮ್ಮ ಬಡಿಗರ ಅಳತೆಯಲ್ಲಿ ಎರಡು ಸೂತ, ಹಿಗ್ಗಿ ಕುಗ್ಗುತ್ತದೆ. ಪಾಲಿಶ್ ಹಚ್ಚಿದರೆ ಈ ಚಲನೆ ನಿಧಾನವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಇದೆಲ್ಲ ಒಣಗಿದ ಹಲಗೆಯ ಮಾತು. ಹಸಿ ಹಲಗೆಯಿಂದ ಮಾಡಿದ ಕಪಾಟಿನ ಬಾಗಿಲು ಮೊದಲ ಬೇಸಿಗೆಯಲ್ಲಿಯೇ ತಿರುಚಿಕೊಳ್ಳುತ್ತದೆ, ಕಚ್ಚುಗಳು (ಕಟ್ಟಿಗೆಯ ಜೋಡಣೆಗಳು) ಸಡಿಲಾಗುತ್ತವೆ, ಮಂಚ ಕಿರುಗುಟ್ಟತೊಡಗುತ್ತದೆ.

ಹೀಗಾಗಿ ಒಂದು ಇಂಚು ದಪ್ಪದ ಹಲಗೆಗೆ ಒಂದು ವರ್ಷ ಎಂಬ ಹಳೆಯ ಲೆಕ್ಕವನ್ನು ಅಪ್ಪ ಬಿಡಲಿಲ್ಲ, ನಾವೂ ಬಿಟ್ಟಿಲ್ಲ. ನಮ್ಮ ಒಣ ಹವೆಯಲ್ಲಿ ಹಲಗೆ ಅದಕ್ಕಿಂತ ಬೇಗ ಒಣಗುವುದುಂಟು. ಆದರೆ ಬೇಗ ಒಣಗುವುದೇ ಇಲ್ಲಿನ ಅಪಾಯ. ಬಿಸಿಲಿಗೆ ಬಿದ್ದ ಹಲಗೆಯ ತುದಿಗಳು ನಡುಭಾಗಕ್ಕಿಂತ ಮೊದಲು ಒಣಗಿ ಸೀಳುತ್ತವೆ. ತುದಿಗೆ ಬಣ್ಣ ಬಳಿಯುವುದು, ಪಶ್ಚಿಮದ ಬಿಸಿಗಾಳಿಗೆ ಅಡ್ಡಲಾಗಿ ಗೋಣಿತಟ್ಟು ಕಟ್ಟುವುದು, ಅಟ್ಟಿಯ ನೆತ್ತಿಯ ಮೇಲೆ ಭಾರ ಹೇರುವುದು ಎಲ್ಲವೂ ಒಣಗುವುದನ್ನು ತಡೆಹಿಡಿದು ಸಮವಾಗಿಸುವ ಉಪಾಯಗಳು. ಈಗ ತೇವ ಅಳೆಯುವ ಮೀಟರ್ ನಮ್ಮಲ್ಲಿದೆ, ನನ್ನ ತಮ್ಮ ಅದನ್ನು ನಂಬುತ್ತಾನೆ. ಮೀಟರ್ ತೋರಿಸಿದ್ದನ್ನು ನಾನು ಬರೆದುಕೊಂಡರೂ, ಹಲಗೆಯನ್ನು ಎತ್ತಿ ಗೆಣ್ಣಿನಿಂದ ಬಡಿದು, ದನಿ ಕೇಳಿಯೇ ಗರಗಸಕ್ಕೆ ಕಳಿಸುತ್ತೇನೆ.

ಒಣಗಿದ ಮೇಲೂ ಕಟ್ಟಿಗೆಯ ಚಲನೆಗೆ ಅವಕಾಶ ಕೊಡಬೇಕೆಂಬುದನ್ನು ನನಗೆ ಕಲಿಸಿದವರು ಮುತ್ಯಾ. ನಾನು ಕಾಮರ್ಸ್ ಪದವಿ ಓದುವಾಗ ರಜೆಯ ದಿನಗಳಲ್ಲಿ ಕಾರ್ಖಾನೆಯಲ್ಲಿ ಕೂತಿರುತ್ತಿದ್ದೆ. ಕಪಾಟಿನ ಬಾಗಿಲಿನ ಚೌಕಟ್ಟಿಗೆ ಗಾಡಿ, ಅಂದರೆ ಉದ್ದನೆಯ ಕೊರಕಲು, ಹೊಡೆದು, ಅದರೊಳಗೆ ಹಲಗೆಯನ್ನು ಸರಿಸಿ, ಅಂಟು ಹಾಕದೆ ಹಾಗೆಯೇ ಬಿಟ್ಟಿದ್ದನ್ನು ನೋಡಿ ಯಾಕೆಂದು ಕೇಳಿದೆ. "ಕಟಗಿ ಮಳಿಗಾಲದಾಗ ಹಿಗ್ಗತದ, ಬ್ಯಾಸಿಗ್ಯಾಗ ಕುಗ್ಗತದ. ಅದಕ್ಕ ಓಡ್ಯಾಡ್ಲಿಕ್ಕ ಜಾಗಾ ಬಿಡಬೇಕ ತಂಗಿ. ಬಿಡಲಿಲ್ಲಂದ್ರ ಅದೇ ಸೀಳಕೊಂಡು ಜಾಗಾ ಮಾಡ್ಕೊಂತದ" ಎಂದರು. ಇಂದಿಗೂ ನಮ್ಮ ಬಾಗಿಲುಗಳಲ್ಲಿ ನಡುವಿನ ಹಲಗೆ ಗಾಡಿಯೊಳಗೆ ಸಡಿಲವಾಗಿರುತ್ತದೆ. ಮೇಜಿನ ಮೇಲ್ಹಲಗೆಯನ್ನು ಅಡಿಯ ಚೌಕಟ್ಟಿಗೆ ಬಿಗಿಯುವಾಗ ಸ್ಕ್ರೂವಿನ ತೂತನ್ನು ಉದ್ದವಾಗಿ ಕೊರೆಯುತ್ತೇವೆ, ಹಲಗೆ ಸರಿದಾಗ ಸ್ಕ್ರೂ ಅದರೊಂದಿಗೆ ಸರಿಯಲಿ ಎಂದು. ಮಂಚದ ಕಾಲಿಗೆ ಕಚ್ಚು ಕೂರಿಸಿದ ಮೇಲೆ ಅಡ್ಡಲಾಗಿ ಬಿದಿರಿನ ಮೊಳೆ ಬಡಿಯುತ್ತೇವೆ. ಅದು ತುಕ್ಕು ಹಿಡಿಯುವುದಿಲ್ಲ, ರಿಪೇರಿಗೆ ಬಂದಾಗ ಬೈರಿಗೆಯಿಂದ ಕೊರೆದು ತೆಗೆಯಬಹುದು.

ಒಣಗಿದ ಕಟ್ಟಿಗೆಯ ಬೆಲೆ ಏನೆಂಬುದು ಎಲ್ಲಕ್ಕಿಂತ ಚೆನ್ನಾಗಿ ಗೊತ್ತಾಗುವುದು ರೆಹಲ್ ಮಾಡುವಾಗ. ಕುರಾನನ್ನು ಇಟ್ಟು ಓದುವ, ಮಡಚಿದರೆ ಹಲಗೆಯಾಗಿ ಬಿಚ್ಚಿದರೆ ಕತ್ತರಿಯಾಕಾರದಲ್ಲಿ ನಿಲ್ಲುವ ಈ ಪೀಠವನ್ನು ಒಂದೇ ಹಲಗೆಯಿಂದ ಮಾಡಬೇಕು. ಮೊಳೆ, ಅಂಟು, ಬಿಜಾಗರಿ ಯಾವುದೂ ಇಲ್ಲ. ಒಂದೂಕಾಲು ಇಂಚು ದಪ್ಪದ, ನೇರ ಗೀರಿನ ಹಲಗೆಯನ್ನು ಆರಿಸಿ, ಮಧ್ಯಕ್ಕಿಂತ ತುಸು ಕೆಳಗೆ ಕೀಲಿನ ಪಟ್ಟೆಯನ್ನು ಗೆರೆ ಹಾಕಿಕೊಳ್ಳುತ್ತೇವೆ. ಆ ಪಟ್ಟೆಯನ್ನು ಬೆರಳಗಲದ ಮನೆಗಳಾಗಿ ಭಾಗ ಮಾಡಿ, ಒಂದು ಮನೆಯನ್ನು ಈ ಮಗ್ಗುಲಿನಿಂದ, ಪಕ್ಕದ ಮನೆಯನ್ನು ಆ ಮಗ್ಗುಲಿನಿಂದ, ಹಲಗೆಯ ಅರ್ಧ ದಪ್ಪಕ್ಕೆ ಸಣ್ಣ ಉಳಿಯಿಂದ ದುಂಡಗೆ ಬಿಡಿಸುತ್ತೇವೆ. ಆಮೇಲೆ ಹಲಗೆಯನ್ನು ನಿಲ್ಲಿಸಿ, ಎರಡೂ ತುದಿಗಳಿಂದ ದಪ್ಪದ ನಟ್ಟನಡುವೆ ಕೀಲಿನವರೆಗೆ ಗರಗಸ ಇಳಿಸಿ ಸೀಳುತ್ತೇವೆ. ಕೊನೆಗೆ ಕೊಡತಿಯಿಂದ ಮೆಲ್ಲಗೆ ತಟ್ಟಿದರೆ ಮನೆಗಳು ಒಂದರಿಂದೊಂದು ಬಿಡುಗಡೆಯಾಗಿ ಹಲಗೆ ತೆರೆದುಕೊಳ್ಳುತ್ತದೆ. ಹಲಗೆಯೊಳಗೆ ಸ್ವಲ್ಪ ಹಸಿ ಉಳಿದಿದ್ದರೂ, ಗೀರು ಓರೆಯಾಗಿದ್ದರೂ ಆ ಒಂದು ತಟ್ಟಿಗೆ ಕೀಲು ಮುರಿಯುತ್ತದೆ, ದಿನದ ಕೆಲಸ ಒಲೆಗೆ ಹೋಗುತ್ತದೆ. ಸಾಗವಾನಿಯಲ್ಲಿ ಮರಳಿನಂಥ ಸಿಲಿಕಾ ಅಂಶ ಇರುವುದರಿಂದ ಉಳಿ ಬೇಗ ಮೊಂಡಾಗುತ್ತದೆ. ಒಂದು ರೆಹಲ್ ಮುಗಿಯುವಷ್ಟರಲ್ಲಿ ಸಾಣೆಕಲ್ಲಿಗೆ ಮತ್ತೆ ಮತ್ತೆ ಎದ್ದು ಹೋಗಬೇಕು. ಮುತ್ಯಾ ಈ ಕೆಲಸವನ್ನು ಕಲಿತದ್ದು ಕಟ್ಟಿಗೆ ಅಡ್ಡೆಯಲ್ಲಿ ಜೊತೆಗಿದ್ದ ಒಬ್ಬ ಮುಸ್ಲಿಂ ಮಿಸ್ತ್ರಿಯಿಂದ; ಅಪ್ಪ ಅವರನ್ನು ಚಾಚಾ ಎಂದು ಕರೆಯುತ್ತಿದ್ದರು. ರಮಜಾನಿಗೆ ಮುಂಚೆಯೂ ಬಂದೇನವಾಜ್ ದರ್ಗಾದ ಉರುಸಿನ ದಿನಗಳಲ್ಲಿಯೂ ರೆಹಲಿಗೆ ಬೇಡಿಕೆ. ಶ್ರಾವಣ ಬಂದಾಗ ಪುರಾಣ ಪ್ರವಚನ ನಡೆಸುವ ಮಠಗಳವರು ಅದನ್ನೇ ತುಸು ದೊಡ್ಡ ಅಳತೆಯಲ್ಲಿ ವ್ಯಾಸಪೀಠವೆಂದು ಮಾಡಿಸಿಕೊಳ್ಳುತ್ತಾರೆ. ನಮ್ಮಲ್ಲಿ ಯಂತ್ರಗಳು ಬಂದ ಮೇಲೂ ಈ ಒಂದು ವಸ್ತುವನ್ನು ಪೂರ್ತಿ ಕೈಯಿಂದಲೇ ಮಾಡುತ್ತೇವೆ. ಇದರಲ್ಲಿ ಲಾಭ ಅಷ್ಟಕ್ಕಷ್ಟೇ. ಆದರೆ ಹೊಸ ಹುಡುಗ ಕೆಲಸಕ್ಕೆ ಸೇರಿದರೆ ಅವನ ಕೈ ಪಳಗಿಸಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಗೋದಾವರ್ಮನ್ ಪ್ರಕರಣದಲ್ಲಿ, ಮಂಜೂರಾದ ಕಾರ್ಯಯೋಜನೆ ಇಲ್ಲದೆ ಕಾಡುಗಳಲ್ಲಿ ಮರ ಕಡಿಯುವುದನ್ನು ತಡೆಯಿತು. ಕಾಡು ಉಳಿಯಬೇಕೆಂಬುದರಲ್ಲಿ ನಮ್ಮ ಮನೆಯಲ್ಲಿ ಎರಡು ಮಾತಿರಲಿಲ್ಲ, ಆದರೆ ಮಾಲು ಸಿಗುವುದು ಕಷ್ಟವಾಯಿತು, ದರ ಏರಿತು. ಆಗ ಅನೇಕರು ಕಟ್ಟಿಗೆ ಬಿಟ್ಟು ಪ್ಲೈವುಡ್ಡಿಗೆ ಹೋದರು. ನಮ್ಮ ಶೆಡ್ಡಿನಲ್ಲಿ ಹಳೆಯ ದರದ ದಾಸ್ತಾನು ಇದ್ದುದರಿಂದ ಅಪ್ಪ ಅವಸರ ಮಾಡಬೇಕಾಗಲಿಲ್ಲ. ಮುಂದೆ ಬರ್ಮಾ ಸಾಗವಾನಿಯೂ ಹೊರದೇಶಗಳ ನೆಡುತೋಪಿನ ಸಾಗವಾನಿಯೂ ಪೇಟೆಗೆ ಬಂದವು. 2014ರ ಏಪ್ರಿಲಿನಿಂದ ಮ್ಯಾನ್ಮಾರ್ ದಿಮ್ಮಿಗಳ ರಫ್ತನ್ನು ನಿಷೇಧಿಸಿದ ಮೇಲೆ ಬರ್ಮಾ ಮಾಲಿನ ಮಾತು ನಮಗೆ ಮುಗಿಯಿತು. ಬೇಗ ಬೆಳೆಸಿದ ನೆಡುತೋಪಿನ ಮರಗಳಲ್ಲಿ ಬಿಳಿ ಭಾಗ ಹೆಚ್ಚು, ಅದನ್ನು ಕತ್ತರಿಸಿ ತೆಗೆದರೆ ಉಳಿಯುವುದು ಕಡಿಮೆ.

ಆ ಹೊತ್ತಿಗೆ ನಮ್ಮ ಜಿಲ್ಲೆಯಲ್ಲಿಯೇ ಒಂದು ಹೊಸ ಮೂಲ ತೆರೆದುಕೊಂಡಿತ್ತು. ಊರೂರಲ್ಲಿ ಮಾಳಿಗೆ ಮನೆಗಳನ್ನೂ ಹಳೆಯ ವಾಡೆಗಳನ್ನೂ ಕೆಡವಿ ಆರ್‌ಸಿಸಿ ಮನೆ ಕಟ್ಟುತ್ತಿದ್ದರು. ಅವುಗಳ ತೊಲೆ, ಕಂಬ, ಬೋದಿಗೆಗಳು ಕಿಲೋ ಲೆಕ್ಕದಲ್ಲಿ ಇಟ್ಟಿಗೆ ಭಟ್ಟಿಗೆ ಹೋಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸಾಮಾನ್ಯರ ಮನೆಗಳಲ್ಲಿ ಬೇವು, ಜಾಲಿ ಇರುತ್ತದೆ, ವಾಡೆಗಳಲ್ಲಿ ಸಾಗವಾನಿ. ತಲೆಮಾರುಗಳ ಬಿಸಿಲು ಮಳೆ ಕಂಡು ಒಣಗಿದ ಅಂಥ ತೊಲೆಯನ್ನು ಈಗ ಯಾವ ಡಿಪೋದಲ್ಲಿಯೂ ಕೊಳ್ಳಲಾಗುವುದಿಲ್ಲ. ಅಂಗಡಿ ನನ್ನ ಕೈಗೆ ಬಂದ ಮೇಲೆ ನಾನು ತೆಗೆದುಕೊಂಡ ಮುಖ್ಯ ನಿರ್ಧಾರವೆಂದರೆ ಈ ಹಳೆಯ ಕಟ್ಟಿಗೆಯನ್ನು ಕ್ರಮವಾಗಿ ಕೊಳ್ಳುವುದು. ಮನೆ ಮಾಲೀಕರಿಂದ ಬರೆಸಿಕೊಂಡು, ತೊಲೆಗಳನ್ನು ಇಳಿಸುವಾಗ ನಮ್ಮ ಹುಡುಗರೇ ನಿಂತು, ಗೋಡೆಯೊಳಗೆ ಹುದುಗಿದ್ದ ತುದಿಗಳನ್ನು ಒಂದೊಂದು ಅಡಿ ಕತ್ತರಿಸಿಬಿಡುತ್ತೇವೆ, ಮಣ್ಣಿನ ತೇವಕ್ಕೆ ಅಲ್ಲಿ ಗೆದ್ದಲೋ ಕೊಳೆಯೋ ಇದ್ದೇ ಇರುತ್ತದೆ. ನಂತರ ಅಯಸ್ಕಾಂತವನ್ನು ಮೈಯೆಲ್ಲ ಆಡಿಸಿ ಮೊಳೆ ಹುಡುಕುತ್ತೇವೆ. ತಲೆ ಮುರಿದು ಒಳಗೇ ಉಳಿದ ಮೊಳೆಯ ಸುತ್ತ ಕಟ್ಟಿಗೆ ಕಪ್ಪಾಗಿರುತ್ತದೆ, ಆ ಗುರುತು ಅಯಸ್ಕಾಂತಕ್ಕಿಂತ ನೆಚ್ಚಿಕೆಯದು. ಒಂದು ಮೊಳೆ ತಪ್ಪಿಸಿಕೊಂಡರೂ ಸಾ ಮಿಲ್ಲಿನ ಬ್ಲೇಡು ಹಾಳಾಗುತ್ತದೆ, ಹತ್ತಿರ ನಿಂತವರಿಗೂ ಅಪಾಯ. ಕೊಯ್ದ ಮೇಲೂ ಈ ಹಲಗೆಗಳನ್ನು ಒಂದು ಋತು ಅಟ್ಟಿಯಲ್ಲಿಡುತ್ತೇವೆ, ಏಕೆಂದರೆ ದೊಡ್ಡ ತೊಲೆಯನ್ನು ಸೀಳಿದಾಗ ಒಳಗಿನ ಬಿಗಿತ ಸಡಿಲಗೊಂಡು ಹಲಗೆ ಬಾಗುವುದುಂಟು.

ಗಿರಾಕಿಗಳ ಲೆಕ್ಕವನ್ನು ಬಹುಕಾಲ ನೋಡಿಕೊಂಡವರು ಅವ್ವ. ನಮ್ಮ ಕಡೆ ವ್ಯಾಪಾರವೆಲ್ಲ ತೊಗರಿಯ ಮೇಲೆ ನಿಂತಿದೆ. ಜನವರಿ, ಫೆಬ್ರುವರಿಯಲ್ಲಿ ತೊಗರಿ ಗಂಜಿಗೆ (ಧಾನ್ಯದ ಮಾರುಕಟ್ಟೆಗೆ) ಬಂದು ಒಳ್ಳೆಯ ದರ ಸಿಕ್ಕರೆ ಮಗಳ ಮದುವೆಗೆಂದು ಮಂಚ, ಕಪಾಟುಗಳಿಗೆ ಮುಂಗಡ ಕೊಡುತ್ತಾರೆ. ದರ ಬಿದ್ದರೆ ಮಂಚ ಮಾತ್ರ, ಅದೂ ಉದ್ರಿ. ಅವ್ವ ಉದ್ರಿ ಪುಸ್ತಕದಲ್ಲಿ ಬಾಕಿಯ ಜೊತೆಗೆ ಆ ಸಾಮಾನಿಗೆ ಯಾವ ಅಟ್ಟಿಯ ಕಟ್ಟಿಗೆ ಬಳಸಿದರೆಂಬುದನ್ನೂ ಬರೆಸುತ್ತಿದ್ದರು. ಆ ರೂಢಿಯೇ ಇಂದು ನಮ್ಮ ರಿಪೇರಿ ದಫ್ತರವಾಗಿದೆ. ಅಪ್ಪ ಮಾಡಿದ ಮಂಚ ಮೊಮ್ಮಗನ ಮದುವೆಗೆ ಪಾಲಿಶಿಗೆ ಬಂದರೆ ಯಾವ ಕಟ್ಟಿಗೆ, ಯಾವ ಮಿಸ್ತ್ರಿ ಎಂದು ಪುಸ್ತಕ ತೆಗೆದು ಹೇಳುತ್ತೇವೆ. 2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಊರಿಗೆ ಬಂದ ಮೇಲೆ ವಕೀಲರ ಮೇಜು, ಪುಸ್ತಕದ ಕಪಾಟುಗಳ ಕೆಲಸ ಬಂತು. ತೂಕದ ಕಾನೂನು ಪುಸ್ತಕಗಳಿಗೆ ಹಲಗೆ ಬಾಗದಂತೆ ಪ್ರತಿ ಎರಡೂವರೆ ಅಡಿಗೆ ಒಂದು ಆಸರೆ ಕೊಡುವುದನ್ನು ಆಗಲೇ ನಿಯಮ ಮಾಡಿಕೊಂಡೆವು.

ಪ್ಲೈವುಡ್ಡನ್ನು ನಾವು ದೂರ ಇಟ್ಟಿಲ್ಲ. ಗೋಡೆಗೆ ಹತ್ತಿಸುವ ದೊಡ್ಡ ಕಪಾಟಿಗೆ ಅದೇ ಸರಿ, ಹಿಗ್ಗು ಕುಗ್ಗು ಕಡಿಮೆ. ಅಡುಗೆಮನೆಯ ನೀರು ಬೀಳುವ ಜಾಗಕ್ಕೆ ನೀರು ತಾಳುವ, ಐಎಸ್ 710 ಎಂಬ ಭಾರತೀಯ ಮಾನಕದ ಗುರುತಿನದು, ಉಳಿದೆಡೆ ಐಎಸ್ 303 ಸಾಕು. ಪುಡಿಯನ್ನು ಒತ್ತಿ ಮಾಡಿದ ಬೋರ್ಡಿನ ಸಾಮಾನುಗಳನ್ನು ಮಾತ್ರ ಮಾಡುವುದಿಲ್ಲ. ಅದರ ಅಂಚಿಗೆ ನೀರು ಹೊಕ್ಕರೆ ಉಬ್ಬುತ್ತದೆ, ಸ್ಕ್ರೂ ಕಿತ್ತುಬಂದರೆ ಮತ್ತೆ ಹಿಡಿಯುವುದಿಲ್ಲ, ಹಾಗಾಗಿ ರಿಪೇರಿ ಮಾಡಿಕೊಡುತ್ತೇವೆಂದು ಮಾತು ಕೊಡಲು ನಮಗೆ ಬರುವುದಿಲ್ಲ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಕಟ್ಟಿಗೆಯ ಸಾಮಾನಿಗೆ ಶೇಕಡಾ 28 ತೆರಿಗೆ ಬಿದ್ದು ನಾಲ್ಕೈದು ತಿಂಗಳು ವ್ಯಾಪಾರ ಕುಂದಿತ್ತು. ನವೆಂಬರಿನಲ್ಲಿ ಅದನ್ನು 18ಕ್ಕೆ ಇಳಿಸಿದ ಮೇಲೆ ಉಸಿರಾಡಿದೆವು.

ಕೆಲಸಗಾರರ ವಿಷಯ ಇದಕ್ಕಿಂತ ಗಂಭೀರವಾದದ್ದು. ಬಡಿಗೇರರ ಮನೆಯ ಹುಡುಗರೇ ಈ ಕೆಲಸಕ್ಕೆ ಬರುತ್ತಿಲ್ಲ, ಅದಕ್ಕೆ ಅವರನ್ನು ದೂರುವಂತಿಲ್ಲ. ಕೈಕೆಲಸಕ್ಕೆ ತಕ್ಕ ಕೂಲಿಯನ್ನೂ ಗೌರವವನ್ನೂ ಕೊಡದೆ ಅವರು ಬರಲಿ ಎನ್ನುವುದು ನ್ಯಾಯವಲ್ಲ. ನಾವು ದಿನಗೂಲಿ ಬಿಟ್ಟು ತಿಂಗಳ ಪಗಾರ ಮಾಡಿದ್ದೇವೆ. ಅಮಾವಾಸ್ಯೆಗೆ ಹತಾರ ಮುಟ್ಟದ ಪದ್ಧತಿ ಹಿಂದಿನಿಂದ ಬಂದದ್ದು, ಆ ರಜೆಗೆ ಪಗಾರ ಕಡಿಯುವುದಿಲ್ಲ. ರಂದ ಹೊಡೆಯುವ, ಸೀಳುವ ಭಾರದ ಕೆಲಸವನ್ನು ಯಂತ್ರಕ್ಕೆ ಬಿಟ್ಟು ಕಚ್ಚು, ಕೆತ್ತನೆ, ಪಾಲಿಶುಗಳನ್ನು ಕೈಯಲ್ಲಿ ಉಳಿಸಿಕೊಂಡಿದ್ದೇವೆ. 2023ರ ಸೆಪ್ಟೆಂಬರ್ 17ರಂದು, ವಿಶ್ವಕರ್ಮ ಜಯಂತಿಯ ದಿನ, ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಬಡಿಗತನವೂ ಸೇರಿದೆ. ತರಬೇತಿಯ ಜೊತೆಗೆ ಹತಾರ ಕೊಳ್ಳಲು 15,000 ರೂಪಾಯಿವರೆಗೆ ನೆರವು, ಶೇಕಡಾ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ನಂತರ 2 ಲಕ್ಷ ರೂಪಾಯಿವರೆಗೆ ಸಾಲ ಇದೆ. ನಮ್ಮಲ್ಲಿ ಕಲಿತು ಹೊರಗೆ ಹೋಗುವ ಹುಡುಗರಿಗೆ ಅದರ ಅರ್ಜಿಯನ್ನು ನಾನೇ ಕೂತು ತುಂಬಿಸುತ್ತೇನೆ.

ಪಾಲಿಶಿನ ಬಗ್ಗೆ ಒಂದು ಮಾತು. ಅರಗಿನ ಚಪಡಾವನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಟ್ಟೆಯ ಉಂಡೆಯಿಂದ ತೆಳುವಾಗಿ ಮತ್ತೆ ಮತ್ತೆ ಒರೆಸುವ ಹಳೆಯ ಪಾಲಿಶ್ ಕಟ್ಟಿಗೆಯ ಗೀರನ್ನು ತೋರಿಸುವಷ್ಟು ಚೆನ್ನಾಗಿ ಬೇರೆ ಯಾವುದೂ ತೋರಿಸುವುದಿಲ್ಲ. ಆದರೆ ಮಳೆಯ ದಿನ ಹಚ್ಚಿದರೆ ಗಾಳಿಯ ತೇವಕ್ಕೆ ಅದು ಬೆಳ್ಳಗೆ ಮಂಕಾಗುತ್ತದೆ, ಬಿಸಿ ಲೋಟ ಇಟ್ಟರೆ ಗುರುತು ಬೀಳುತ್ತದೆ. ಆದ್ದರಿಂದ ಮಂಚ, ದೇವರ ಮಂಟಪಗಳಿಗೆ ಅರಗು, ಊಟದ ಮೇಜಿಗೆ ಈಗಿನ ಗಟ್ಟಿ ಲೇಪ.

ನಮ್ಮಲ್ಲಿಗೆ ಬರುವವರಿಗೆ ದರದ ಲೆಕ್ಕವನ್ನು ಬಿಚ್ಚಿ ಹೇಳುತ್ತೇವೆ. ಹಲಗೆಯ ದಪ್ಪವನ್ನೂ ಅಗಲವನ್ನೂ ಇಂಚಿನಲ್ಲಿ, ಉದ್ದವನ್ನು ಅಡಿಯಲ್ಲಿ ಅಳೆದು ಗುಣಿಸಿ 144ರಿಂದ ಭಾಗಿಸಿದರೆ ಘನ ಅಡಿ ಬರುತ್ತದೆ: ಒಂದೂವರೆ ಇಂಚು ದಪ್ಪ, 6 ಇಂಚು ಅಗಲ, 8 ಅಡಿ ಉದ್ದದ ಹಲಗೆ ಅರ್ಧ ಘನ ಅಡಿ. ಕೊಯ್ತ, ರಂದ, ಬಿಳಿ ಭಾಗ ಎಲ್ಲ ಸೇರಿ ಕೊಂಡ ಕಟ್ಟಿಗೆಯಲ್ಲಿ ಮೂರನೆಯ ಒಂದು ಭಾಗ ನಷ್ಟವಾಗುತ್ತದೆ, ಅದನ್ನೂ ಚೀಟಿಯಲ್ಲಿ ಬರೆಯುತ್ತೇವೆ. ಬೇಸಿಗೆಯ ಮದುವೆಗೆ ಸಾಮಾನು ಬೇಕಾದವರು ಸಂಕ್ರಾಂತಿಗೆ ಮುಂಚೆ ಹೇಳಿದರೆ ಒಳ್ಳೆಯದು. ಬರುವಾಗ ಕೋಣೆಯ ಅಳತೆಯ ಜೊತೆಗೆ ಬಾಗಿಲಿನ ಅಗಲವನ್ನೂ ಮೆಟ್ಟಿಲಿನ ತಿರುವಿನ ಅಳತೆಯನ್ನೂ ತರಬೇಕೆಂದು ಕೇಳುತ್ತೇವೆ. ಮಹಡಿಯ ಮನೆಯಾದರೆ ಕಪಾಟನ್ನು ಎರಡು ಭಾಗವಾಗಿ ಮಾಡಿ, ಮೇಲೆ ಒಯ್ದು ಅಲ್ಲಿಯೇ ಕೂಡಿಸಿಕೊಡುತ್ತೇವೆ. ಆ ಕೆಲಸಕ್ಕೆ ತಮ್ಮನೇ ಹೋಗುತ್ತಾನೆ.